ಅಕ್ಕಿ ಗಿರಣಿಯ ಗೋದಾಮಿನಲ್ಲಿ ಬಿದ್ದ ವಿಮಾನ

ಪ್ಲೈವುಡ್ಡಿನ ಗೋಡೆ ಪ್ರಯಾಣಿಕರ ಮೇಲೆ ಮಲಗಬಹುದಿತ್ತು. ಆಮ್ಲಜನಕದ ಮುಖವಾಡಗಳು ಬೀಳಬೇಕಾದಾಗ ಬೀಳದೆ, ಊಟದ ಹೊತ್ತಿನಲ್ಲಿ ಎಲ್ಲರ ಸಾರಿನ ತಟ್ಟೆಗೆ ಇಳಿಯಬಹುದಿತ್ತು. ಗೋದಾಮಿನ ಪಾರಿವಾಳ ವಿಮಾನದ ಒಳಗೆ ಹೊಕ್ಕು ಗಗನಸಖಿಯ ತಲೆಯ ಮೇಲೆ ಕೂರಬಹುದಿತ್ತು. ಪೈಲಟ್‌ನ ಕಿಸೆಯಲ್ಲಿ ಭಜನೆಯ ರಿಂಗ್‌ಟೋನ್ ಹೊಡೆದುಕೊಳ್ಳಬಹುದಿತ್ತು. ಗುಟ್ಕಾ ಬಾಯಿಯ ಯಾವನೋ ಒಬ್ಬ ಅಭ್ಯಾಸಬಲದಿಂದ ಕಿಟಕಿಯಾಚೆ ಉಗುಳಬಹುದಿತ್ತು. ಕಿಟಕಿಗೆ ಗಾಜಿಲ್ಲದ್ದರಿಂದ ಅದು ಆಚೆ ನಿಂತ ಲೈಟಿನವನ ಮೇಲೆ ಬೀಳಬಹುದಿತ್ತು. ಮದುಮಗನ ಪಾತ್ರದವನು ಎರಡು ಶಾಟ್‌ಗಳ ನಡುವೆ ಗಡ್ಡ ಬೋಳಿಸಿಕೊಂಡು ಬರಬಹುದಿತ್ತು. ಕರೆಂಟು ಹೋಗಬಹುದಿತ್ತು. ಹೋದ ಕರೆಂಟು ಹೆಚ್ಚು ಜೋರಾಗಿ ವಾಪಸು ಬರಬಹುದಿತ್ತು. ಹೊಟ್ಟಿನ ರಾಶಿಗೆ ಕಿಡಿ ತಾಗಬಹುದಿತ್ತು. ಜಾಕ್ ಜಾರಬಹುದಿತ್ತು, ಬೆಸುಗೆ ಬಿಡಬಹುದಿತ್ತು, ಕೆಳಗೆ ಮಂದಿ ಸಿಕ್ಕಬಹುದಿತ್ತು.

ಕೊನೆಯದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಮನಸ್ಸಿನಲ್ಲಿ ಅದು ಮೊದಲು ಬಂದರೆ ಉಳಿದವು ಯಾವುವೂ ನೆನಪಾಗುತ್ತಿರಲಿಲ್ಲ.

ನಮ್ಮದು ವಿಮಾನ ದುರಂತದ ಚಿತ್ರ. ಹೈದರಾಬಾದಿಗೆ ಹೊರಟ ವಿಮಾನದ ಎಂಜಿನ್‌ಗಳೆರಡೂ ಕೆಟ್ಟು, ಅದು ಸಂತೆಕಲ್ಲೂರಿನ ಹತ್ತಿರ ಜೋಳ ಕೊಯ್ದ ಹೊಲಕ್ಕೆ ಬಂದು ಕೆಡೆಯುತ್ತದೆ. ಒಬ್ಬ ನಾಯಕನ ಕಥೆಯಲ್ಲ, ಒಳಗೆ ಕೂತವರೆಲ್ಲರ ಕಥೆ. ಮಾತು ಬಿಟ್ಟ ಅಣ್ಣತಮ್ಮಂದಿರು, ನಿನ್ನೆ ಮದುವೆಯಾದ ಜೋಡಿ, ಕೆಲಸ ಕಳೆದುಕೊಂಡದ್ದನ್ನು ಮನೆಯಲ್ಲಿ ಹೇಳದ ಗುಮಾಸ್ತ, ಮೊದಲ ಸಲ ವಿಮಾನ ಹತ್ತಿದ ಅಜ್ಜಿ, ಹೀಗೆ ಸೀಟಿಗೊಂದು ಕಥೆ. ನಿರ್ದೇಶಕರು ಲಿಂಗಸುಗೂರಿನವರು, ನನಗಿಂತ ಚಿಕ್ಕವರು. ಈ ಕಥೆಯನ್ನು ವರ್ಷಗಟ್ಟಲೆ ಹೊತ್ತು ತಿರುಗಿದವರು. ನಾನು ಅವರ ಸಹನಿರ್ದೇಶಕ. ಅವರು ಕಥೆ ನೋಡಿಕೊಳ್ಳುತ್ತಿದ್ದರು, ಕ್ಯಾಮೆರಾದವರು ಬೆಳಕು ನೋಡಿಕೊಳ್ಳುತ್ತಿದ್ದರು, ನನ್ನ ಪಾಲಿಗೆ ಬಂದದ್ದು ಮಂದಿ. ಯಾರು ಯಾವ ಸೀಟು, ಯಾವ ಸೀರೆ, ಕನ್ನಡಕ ಕಿಸೆಯಲ್ಲೋ ಮೂಗಿನ ಮೇಲೋ, ಎಲ್ಲ ನನ್ನ ಜವಾಬ್ದಾರಿ. ಸಿಂಧನೂರು, ಮಸ್ಕಿ, ವಳಕಮದಿನ್ನಿ, ಸಂತೆಕಲ್ಲೂರು ತಿರುಗಿ, ಮನೆಮನೆಯ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಪ್ರಯಾಣಿಕರಾಗಲು ಅವರನ್ನೆಲ್ಲ ಒಪ್ಪಿಸಿದವನು ನಾನೇ. "ಏನೂ ಆಗಂಗಿಲ್ರಿ, ನಾ ಇರ್ತೀನಲ್ಲ" ಎಂದು ಪ್ರತಿ ಕಟ್ಟೆಯಲ್ಲೂ ಹೇಳಿದ್ದೆ. ನನ್ನನ್ನು ಬಲ್ಲವರು ಯಾರಾದರೂ ಅಲ್ಲಿದ್ದಿದ್ದರೆ ನಕ್ಕಿರುತ್ತಿದ್ದರು. ಹೊರಡುವಾಗ ನನ್ನ ಹೆಂಡತಿ ಬಿ.ಪಿ. ಮಾತ್ರೆಯ ಡಬ್ಬಿ ಕೈಗಿತ್ತು ಹೇಳಿದ್ದು ಇಷ್ಟು: "ನಿಮ್ಮ ತಲ್ಯಾಗ ದಿನಾ ಒಂದು ವಿಮಾನ ಬೀಳತೈತಿ. ಈ ಸಲ ಅದಕ್ಕ ಪಗಾರ ಕೊಡ್ತಾರಂದ್ರ ಹೋಗಿ ಬರ್ರಿ."

ಹೊರಾಂಗಣದ ಕೆಲಸ ಮೊದಲು ಮುಗಿಯಿತು. ಸಂತೆಕಲ್ಲೂರಿನ ಕರಿ ನೆಲದಲ್ಲಿ ತಗಡಿನ ಬಾಲವೊಂದು, ಅರ್ಧ ರೆಕ್ಕೆಯೊಂದು ಊರಿ, ಒದ್ದೆ ಹುಲ್ಲಿನ ಹೊಗೆ ಹಾಕಿ, ಬದುಕುಳಿದವರು ಹೊರಗೆ ನಡೆದು ಬರುವುದನ್ನು ತೆಗೆದೆವು. ಕುರಿಯವರು ಹಿಂಡು ನಿಲ್ಲಿಸಿಕೊಂಡು ನೋಡಿದರು. ಅಲ್ಲಿ ನನ್ನ ಯಾವ ಅಂಜಿಕೆಯೂ ನಿಜವಾಗಲಿಲ್ಲ. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ. ಎಲ್ಲ ಒಟ್ಟಾಗಿ ಮುಂದಕ್ಕೆ ಕೂಡಿಬೀಳುತ್ತಿವೆ ಎಂದೇ ಅನ್ನಿಸಿತು.

ಒಳಾಂಗಣಕ್ಕೆ ಸಿಂಧನೂರಿನ ಒಂದು ಅಕ್ಕಿ ಗಿರಣಿಯ ಗೋದಾಮು ಸಿಕ್ಕಿತ್ತು. ಹೊಸ ನೆಲ್ಲು ಬರುವ ತನಕ ಖಾಲಿ, ಬಂದ ದಿನ ನೀವು ಖಾಲಿ ಎಂದು ಮಾಲಕರು ಮೊದಲೇ ಹೇಳಿದ್ದರು. ಅದರೊಳಗೆ ನಾವು ಕಟ್ಟಿದ್ದು ಇಡೀ ವಿಮಾನವಲ್ಲ, ತುದಿಯೂ ಬುಡವೂ ಇಲ್ಲದ ಸೌತೆಕಾಯಿಯ ನಡು ತುಂಡಿನಂಥದ್ದು. ಗುಜರಿಗೆ ಹೋದ ಲಕ್ಸುರಿ ಬಸ್ಸುಗಳ ಸೀಟು, ಹಳೇ ಜೀಪುಗಳ ಬೆಲ್ಟು, ಪ್ಲೈವುಡ್ಡಿನ ಗೋಡೆ, ಅದರಲ್ಲಿ ಗರಗಸದಿಂದ ಕೊರೆದ ಮೊಟ್ಟೆಯಾಕಾರದ ಕಿಟಕಿ. ತಲೆಯ ಮೇಲಿನ ಸಾಮಾನಿನ ಗೂಡುಗಳು ಥರ್ಮೋಕೋಲಿನವು. ಮುಖವಾಡಗಳು ಪ್ಲಾಸ್ಟಿಕ್ ಲೋಟಕ್ಕೆ ಎಲಾಸ್ಟಿಕ್ ಹೊಲಿದಂಥವು. ಒಂದು ದಾರ ಎಳೆದರೆ ಎಲ್ಲ ಒಟ್ಟಿಗೆ ಬೀಳಬೇಕು. ದಿನಾ ಬೆಳಿಗ್ಗೆ ಬಂದಾಗ ಎಲ್ಲದರ ಮೇಲೂ ತೌಡಿನ ಧೂಳು ಕೂತಿರುತ್ತಿತ್ತು. ವಿಮಾನವನ್ನು ಬಾರಿಗೆಯಿಂದ ಗುಡಿಸಿದ ನಂತರವೇ ಪ್ರಯಾಣಿಕರನ್ನು ಹತ್ತಿಸುತ್ತಿದ್ದೆ.

ಮಾತಿನ ದೃಶ್ಯಗಳೆಲ್ಲ ಸುಸೂತ್ರವಾಗಿ ಆದವು. ಉಳಿದದ್ದು ಬೀಳುವುದು.

ವಿಮಾನ ಬೀಳಬೇಕಾದರೆ ಅದು ವಾಲಬೇಕು. ನೆಲ್ಲು ಸುರಿಯುವ ಟ್ರ್ಯಾಕ್ಟರ್ ಟ್ರೇಲರ್ ಮಾಡುವ ವೆಲ್ಡಿಂಗ್ ಮಿಸ್ತ್ರಿಯೊಬ್ಬರನ್ನು ಹಿಡಿದೆವು. ಅವರು ಕಬ್ಬಿಣದ ಚೌಕಟ್ಟು ಕಟ್ಟಿ, ನಮ್ಮ ವಿಮಾನದ ತುಂಡನ್ನು ಅದರ ಮೇಲೆ ಕೂರಿಸಿ, ಮುಂದುಗಡೆಗೆ ಟ್ರೇಲರ್ ಎತ್ತುವ ಹೈಡ್ರಾಲಿಕ್ ಜೋಡಿಸಿದರು. ಮೊದಲ ಸಲ ಎತ್ತಿದಾಗ ವಿಮಾನ ಬೀಳುತ್ತಿರುವಂತೆ ಕಾಣಲಿಲ್ಲ, ಯಾರೋ ನಿಧಾನಕ್ಕೆ ನೆಲ್ಲು ಸುರುವುತ್ತಿರುವಂತೆ ಕಂಡಿತು. ಕ್ಯಾಮೆರಾದವರು ನಕ್ಕರು, ನಿರ್ದೇಶಕರು ನಗಲಿಲ್ಲ. ಮಿಸ್ತ್ರಿ ಎರಡು ಪಕ್ಕಕ್ಕೂ ಜಾಕ್ ಸೇರಿಸಿ, ಎತ್ತಿ ಒಮ್ಮೆಲೆ ಬಿಡುವ ಹಾಗೆ ಮಾಡಿದರು. ಈಗ ಅದು ನಿಜವಾಗಿಯೂ ಬೆಚ್ಚಿಬೀಳುತ್ತಿತ್ತು, ನೋಡುತ್ತಿದ್ದ ನಾನೂ.

ಮಂದಿ ಕೂಡಿಸುವ ಮೊದಲು ಚೀಲ ಕೂಡಿಸಿ ನೋಡೋಣ ಎಂದೆ. ಯಾರೂ ಬೇಡ ಅನ್ನಲಿಲ್ಲ. ನನ್ನ ಸ್ವಭಾವ ಗೊತ್ತಿದ್ದವರು ಇದನ್ನೂ ಒಂದು ಮಾತ್ರೆಯ ಹಾಗೆ ನುಂಗಿದರು. ಮಾಲಕರಿಂದ ನೆಲ್ಲಿನ ಚೀಲ ಕಡ ತಂದು ಸೀಟಿಗೊಂದರಂತೆ ಇಟ್ಟು ಬೆಲ್ಟು ಬಿಗಿದೆವು. ಚೀಲಗಳು ಬಹಳ ಶಿಸ್ತಿನ ಪ್ರಯಾಣಿಕರು. ಮೊದಲ ಎರಡು ಎತ್ತಾಟದಲ್ಲಿ ಅಲುಗಲಿಲ್ಲ. ಮೂರನೆಯದಕ್ಕೆ ಎಲ್ಲೋ ಟಣ್ ಎಂದಿತು. ನಡುವಿನ ಒಂದು ಸಾಲು ಸೀಟು ಬುಡಸಮೇತ ಎದ್ದು ಜಾರಿ, ಮುಂದಿನ ಗೋಡೆಗೆ ಹೋಗಿ ಅಪ್ಪಳಿಸಿತು. ಒಂದು ಚೀಲ ಒಡೆದು ನೆಲ್ಲು ಸೀಟುಗಳ ನಡುವಿನ ಓಣಿಯ ಉದ್ದಕ್ಕೂ ಹರಿಯಿತು.

ಆ ಸಾಲಿನ ಕಿಟಕಿಯ ಸೀಟು ಅಜ್ಜಿಯ ಪಾತ್ರದವರದು. ಮಸ್ಕಿಯವರು, ನಾಟಕ ಕಂಪನಿಯಲ್ಲಿ ಬಹಳ ಕಾಲ ನಟಿಸಿದವರು, ನಮ್ಮೆಲ್ಲರಿಗೂ ಅಮ್ಮ. ಮಂಡಿ ನೋವು ಬೇರೆ. ನಾನು ನೋಡುತ್ತಿದ್ದದ್ದು ಒಡೆದ ಚೀಲವನ್ನು, ಕಾಣುತ್ತಿದ್ದದ್ದು ಅವರ ಮಂಡಿ.

ಮಿಸ್ತ್ರಿ ಪಂಪ್ ಆರಿಸಿ ಕೆಳಗೆ ಹೊಕ್ಕು ನೋಡಿ ಬಂದರು. ಒಂದು ಕಡೆ ಬೆಸುಗೆ ಬಿಟ್ಟಿದೆ, ಕಬ್ಬಿಣದ ಪಟ್ಟಿ ಇಟ್ಟು ಹೊಡೆದರೆ ಗಟ್ಟಿಯಾಗುತ್ತದೆ ಎಂದರು. ಗ್ಯಾರಂಟಿಯೇ ಎಂದು ನಾನು ಕೇಳಿದ್ದಕ್ಕೆ ಕೈ ಒರೆಸಿಕೊಳ್ಳುತ್ತ, ಟ್ರೇಲರ್ ಆದರೆ ಗ್ಯಾರಂಟಿ, ವಿಮಾನ ಇದೇ ಮೊದಲು ಎಂದರು. ಪ್ರಾಮಾಣಿಕ ಮಾತು. ಅದೇ ನನ್ನನ್ನು ಇನ್ನಷ್ಟು ಕೆಡಿಸಿತು.

ಅಷ್ಟರಲ್ಲಿ ಮಾಲಕರು ಬಂದರು. ಅವರ ಮೇಲೂ ತಪ್ಪಿಲ್ಲ. ಹೊಸ ನೆಲ್ಲಿನ ಲಾರಿಗಳು ಗಿರಣಿಯ ಗೇಟಿನಾಚೆ ನಿಲ್ಲಲು ಶುರುವಾಗಿದ್ದವು. ನಾಳೆ ಸಂಜೆಗೆ ಗೋದಾಮು ಬಿಡಲೇಬೇಕು ಎಂದು ಹೇಳಿ, ಒಡೆದ ಚೀಲದ ಬಗ್ಗೆ ಏನೂ ಕೇಳದೆ ಹೋದರು. ನಾಳೆ ಸಂಜೆಯೊಳಗೆ ವಿಮಾನ ಬೀಳದಿದ್ದರೆ ನಮ್ಮಲ್ಲಿ ಹೊಲದಲ್ಲಿ ಬಿದ್ದ ವಿಮಾನ ಇರುತ್ತದೆ, ಆಕಾಶದಲ್ಲಿ ಹಾರುವ ವಿಮಾನ ಇರುತ್ತದೆ, ನಡುವೆ ಚಿತ್ರ ಇರುವುದಿಲ್ಲ.

ಅಂಜುಬುರುಕನ ಕಷ್ಟವೇನೆಂದು ಧೈರ್ಯದವರಿಗೆ ಹೇಳಿ ತಿಳಿಸುವುದು ಕಷ್ಟ. ಅವನ ಅಂಜಿಕೆಗಳೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತವೆ. ಪಾರಿವಾಳದ ಅಂಜಿಕೆಯೂ ಬೆಸುಗೆಯ ಅಂಜಿಕೆಯೂ ಎದೆಯಲ್ಲಿ ಅಷ್ಟೇ ಜೋರಾಗಿ ಬಡಿಯುತ್ತವೆ. ಯಾವುದು ಸುಳ್ಳು, ಯಾವುದು ಖರೇ ಎಂದು ಅವನಿಗೇ ಗೊತ್ತಾಗುವುದಿಲ್ಲ. ಹೀಗಾಗಿ ಅವನು ಸರಿಯಾಗಿದ್ದಾಗಲೂ ಅವನನ್ನು ನಂಬಲು ಯಾರಿಗೂ ಕಾರಣವಿರುವುದಿಲ್ಲ, ಅವನಿಗೂ ಸಹ.

ನಿರ್ದೇಶಕರು ಅದನ್ನೇ ಹೇಳಿದರು. "ಅಣ್ಣಾರ, ನೀವು ಪಾರಿವಾಳಕ್ಕೂ ಅಂಜಿದ್ರಿ."

"ಹೌದ್ರಿ ಸರ. ಅದು ಬರಲಿಲ್ಲ."

"ಮತ್ತ ಇದು?"

"ಇದು ಗೊತ್ತಿಲ್ರಿ. ಪಟ್ಟಿ ಹೊಡದ್ರ ನಿಂತರೂ ನಿಂತೀತು. ಆದ್ರ ನಾ ಮಂದಿನ್ನ ಕೂಡಸಂಗಿಲ್ಲ."

"ಹಂಗಾರ ವಿಮಾನ ಹೆಂಗ ಬೀಳಬೇಕ್ರಿ?"

ಬೇಡ ಅನ್ನುವುದು ನನಗೆ ರೂಢಿ. ಬೇಡ ಅಂದ ಮೇಲೆ ಮುಂದೇನು ಎಂದು ಈ ತನಕ ಯಾರೂ ಕೇಳಿರಲಿಲ್ಲ. ನಿರ್ದೇಶಕರು ಒಂದು ನೆಲ್ಲಿನ ಚೀಲದ ಪಕ್ಕದಲ್ಲಿ, ಪ್ರಯಾಣಿಕರ ಸೀಟಿನಲ್ಲೇ ಕೂತು ಬೆಲ್ಟು ಎಳೆದು ನೋಡಿದರು. ಆಮೇಲೆ ಎದ್ದು, ಜಾಕ್ ಎಲ್ಲ ತೆಗೆಸಿ ವಿಮಾನವನ್ನು ನೆಲಕ್ಕೆ ಇಳಿಸಲು ಮಿಸ್ತ್ರಿಗೆ ಹೇಳಿದರು. ನನ್ನ ಕಡೆ ತಿರುಗಿ ಅಂದರು: "ನಾಳಿ ಸಂಜಿ ಮಟ ಗೋದಾಮು ನಿಮ್ದ. ನಿಮ್ಮ ಮಂದಿನ್ನ ನೀವ ಬೀಳಸ್ರಿ."

ಮರುದಿನ ವಿಮಾನ ಕಟ್ಟಿಗೆಯ ದಿಮ್ಮಿಗಳ ಮೇಲೆ, ಮನೆಯ ಕಟ್ಟೆಯಷ್ಟು ಗಟ್ಟಿಯಾಗಿ ಕೂತಿತ್ತು. ವಿಮಾನ ವಾಲದಿದ್ದರೆ ಉಳಿದದ್ದೆಲ್ಲ ವಾಲಬೇಕು. ಟ್ರ್ಯಾಕ್ಟರಿನ ಟ್ಯೂಬಿಗೆ ಗಾಳಿ ತುಂಬಿ, ಮೇಲೆ ಹಲಗೆ ಇಟ್ಟು, ಅದರ ಮೇಲೆ ಕ್ಯಾಮೆರಾ ಇಟ್ಟುಕೊಂಡರು. ಹಲಗೆ ಒತ್ತಿದ ಕಡೆ ಇಡೀ ಚಿತ್ರ ಓರೆಯಾಗುತ್ತಿತ್ತು. ಕಿಟಕಿಗಳಾಚೆ ಒಬ್ಬರು ದೊಡ್ಡ ಲೈಟನ್ನು ಕೋಲಿಗೆ ಕಟ್ಟಿ ಮೇಲಿಂದ ಕೆಳಗೆ ಓಡಿಸುತ್ತಿದ್ದರು, ಬಿಸಿಲೇ ಜಾರುತ್ತಿರುವ ಹಾಗೆ. ತಿಂಡಿಯ ಟ್ರಾಲಿಗೆ ಹಗ್ಗ ಕಟ್ಟಿದ್ದಾಯಿತು. ಇವೆಲ್ಲ ಹೇಳಿದ ಮಾತು ಕೇಳುವಂಥವು. ಮಂದಿ ಮಾತ್ರ ಕೇಳಲಿಲ್ಲ.

ಒಂದು ಸೀಟಿ ಊದಿದರೆ ಎಡಕ್ಕೆ, ಎರಡು ಊದಿದರೆ ಬಲಕ್ಕೆ ಎಂದು ಹೇಳಿಕೊಟ್ಟಿದ್ದೆ. ಒಂದು ಊದಿದೆ. ಅರ್ಧ ಮಂದಿ ಎಡಕ್ಕೆ ವಾಲಿದರು, ಉಳಿದರ್ಧ ಎರಡನೆಯ ಸೀಟಿ ಬರುತ್ತದೋ ಎಂದು ಕಾದರು. ನಿಜ ಬದುಕಿನಲ್ಲೂ ನಿವೃತ್ತ ಹೆಡ್‌ಮಾಸ್ತರಾದ ಒಬ್ಬರು ಬೆರಳು ಮಡಚಿ ಸೀಟಿ ಎಣಿಸುತ್ತಿದ್ದರು. ಗಗನಸಖಿ ಕ್ಯಾಮೆರಾ ಕಡೆ ನೋಡಿ ನಕ್ಕಳು. ಅಮ್ಮ ಹಣೆಗೆ ಕೈ ಹಚ್ಚಿ, ಸೀಟಿಗೆ ಒರಗಿ, ಗೋದಾಮಿನ ಕಡೇ ಗೋಡೆಗೂ ಕಾಣುವ ಹಾಗೆ ಸತ್ತರು, ವಿಮಾನ ಇನ್ನೂ ಬೀಳುವ ಮೊದಲೇ. ಕಿರುಚಿ ಎಂದರೆ ಎಲ್ಲರೂ ಕಿರುಚಿದರು, ಊರಿಗೆ ಮಂತ್ರಿ ಬಂದಾಗ ಕೂಗುವ ಹಾಗೆ. ಮತ್ತೆ ಮಾಡಿದೆವು, ಮತ್ತೆಮತ್ತೆ ಮಾಡಿದೆವು. ನಿರ್ದೇಶಕರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪ್ರತಿ ಸಲ ಬಾಗಿಲಿನತ್ತ ಬಿಸಿಲು ಎಲ್ಲಿಗೆ ಬಂತೆಂದು ನೋಡಿ "ಇನ್ನೊಮ್ಮಿ" ಅನ್ನುತ್ತಿದ್ದರು. ಅವರ ವರ್ಷಗಳೆಲ್ಲ ನನ್ನ ಒಂದು 'ಬೇಡ'ದ ಮೇಲೆ ಕೂತಿದ್ದವು.

ಊಟವಾಗಿ ಚಹಾ ಬಂತು. ಬೆಲ್ಟು ಬಿಚ್ಚಲು ಬೇಸರಪಟ್ಟು ಎಲ್ಲರೂ ಕೂತಲ್ಲೇ ಕುಡಿಯುತ್ತಿದ್ದರು. ವಳಕಮದಿನ್ನಿಯ ಅಂಗನವಾಡಿ ಶಿಕ್ಷಕಿಯೊಬ್ಬರು ಅಮ್ಮನ ಮುಂದಿನ ಸಾಲಿನ ಕಿಟಕಿಯಲ್ಲಿದ್ದರು. ತಮ್ಮ ಕೂಸನ್ನೇ ತೊಡೆಯ ಮೇಲೆ ಇಟ್ಟುಕೊಂಡು ತಾಯಿಯ ಪಾತ್ರ ಮಾಡುತ್ತಿದ್ದವರು. ಕೂಸಿಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತು ತಿನ್ನಿಸುತ್ತ ನನ್ನನ್ನು ನೋಡಿ ಹೇಳಿದರು: "ಇದಕ್ಕಿಂತ ನಮ್ಮೂರ ಟಂಟಂ ಚೊಲೊ ಬಿಡ್ರಿ ಸರ. ಅದು ಸೀಟಿ ಊದಲಾರದ ಕೆಡವತೈತಿ."

ಸಿಂಧನೂರಿನಿಂದ ಹಳ್ಳಿಗಳಿಗೆ ಮಂದಿ ತುಂಬಿಕೊಂಡು ಹೋಗುವ ಆಟೋಕ್ಕೆ ನಮ್ಮಲ್ಲಿ ಟಂಟಂ ಅನ್ನುತ್ತಾರೆ. ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೇ ಆ ದಾರಿಯ ಸುದ್ದಿ ತೆಗೆದರು. ಯಾವ ಮೋರಿಯ ಹತ್ತಿರ ತಲೆ ಮೇಲಿನ ಸರಳಿಗೆ ಬಡಿಯುತ್ತದೆ, ಯಾವ ತಿರುವಿನಲ್ಲಿ ಎಡಗಡೆಯವರೆಲ್ಲ ಬಲಗಡೆಯವರ ತೊಡೆಯ ಮೇಲೆ ಬರುತ್ತಾರೆ, ಎಲ್ಲಿ ಡ್ರೈವರ್ ಫೋನ್ ತೆಗೆಯುತ್ತಾನೆ. ನಾನು ಮುಂದೆ ನಿಂತು ಲೋಟ ಹಿಡಿದು ನೋಡುತ್ತಿದ್ದೆ. ಅವರು ತಿರುವು ಅಂದಾಗ ಅವರ ಮೈಯೂ ತಿರುಗುತ್ತಿತ್ತು. ಹೇಳುವವರದ್ದಷ್ಟೇ ಅಲ್ಲ, ಕೇಳುವವರದ್ದೂ. ಒಂದು ಸಾಲು, ಅದರ ಹಿಂದಿನ ಸಾಲು, ಚಹಾ ಲೋಟ ಚೆಲ್ಲದ ಹಾಗೆ ಎತ್ತಿ ಹಿಡಿದು, ಎಲ್ಲರೂ ಒಟ್ಟಿಗೆ ಒಂದೇ ಕಡೆ.

ನಿರ್ದೇಶಕರ ಹತ್ತಿರ ಹೋಗಿ, ಕ್ಯಾಮೆರಾ ಚಾಲೂ ಇಡಿ, ಏನೂ ಕೇಳಬೇಡಿ ಎಂದೆ. ಕೇಳಿದ್ದರೆ ಹೇಳುವ ಧೈರ್ಯ ನನಗಿರಲಿಲ್ಲ. ಸೀಟಿಯನ್ನು ಕಿಸೆಗೆ ಹಾಕಿ, ಮೈಕು ಹಿಡಿದು, ಕ್ಯಾಮೆರಾದ ಕಣ್ಣಿಗೆ ಬೀಳದ ಹಾಗೆ ವಿಮಾನದ ಬಾಗಿಲಿನಲ್ಲಿ ನಿಂತೆ. ಇದು ವಿಮಾನ ಅನ್ನುವುದನ್ನು ಮರೆಯಿರಿ ಎಂದು ಹೇಳಿದೆ. ನೀವೀಗ ಸಿಂಧನೂರಿನಿಂದ ವಳಕಮದಿನ್ನಿಯ ಟಂಟಂ ಹತ್ತಿದ್ದೀರಿ, ನಾನೇ ಡ್ರೈವರ್. ಅಮ್ಮ ಹಿಂದಿನಿಂದ ಕೇಳಿದರು, "ಲೈಸನ್ಸ್ ಐತೇನೋ ತಮ್ಮಾ?" ಇಲ್ಲ ಎಂದೆ. ಹಂಗಾದರೆ ಬರೋಬರಿ ಎಂದರು.

ಊರು ಬಿಟ್ಟೆ. ಗುಂಡಿ ಬಂತು ಅಂದೆ, ಎಲ್ಲರ ತಲೆಯೂ ಒಟ್ಟಿಗೆ ಮೇಲೆದ್ದು ಕುಕ್ಕರಿಸಿತು. ಎದುರಿಗೆ ಲಾರಿ ಅಂದೆ, ಎಲ್ಲರೂ ಎಡಕ್ಕೆ ವಾಲಿದರು. ಸಂತೆಕಲ್ಲೂರಿನವರಿಗೆ ಈ ದಾರಿ ಗೊತ್ತಿಲ್ಲ. ಅವರು ಪಕ್ಕದವರನ್ನು ತಾಗಿಸಿಕೊಂಡು ಒಂದು ಗಳಿಗೆ ತಡವಾಗಿ ವಾಲಿದರು. ಅದೂ ಒಳ್ಳೆಯದೇ ಆಯಿತು. ಅಲೆಯೊಂದು ಮುಂದಿನಿಂದ ಹಿಂದಕ್ಕೆ ಹೋದ ಹಾಗೆ ಕಂಡಿತು. ಟ್ಯೂಬಿನ ಮೇಲೆ ಕ್ಯಾಮೆರಾ ವಾಲುತ್ತಿತ್ತು, ಕಿಟಕಿಯ ಬೆಳಕು ಜಾರುತ್ತಿತ್ತು. ನಿರ್ದೇಶಕರು ಕುರ್ಚಿಯಿಂದ ಎದ್ದು ನಿಂತದ್ದು ನನ್ನ ಕಣ್ಣಂಚಿಗೆ ಬಿತ್ತು. ಆದರೆ ಪ್ರಯಾಣಿಕರ ಮುಖದಲ್ಲಿ ಅಂಜಿಕೆಯಿಲ್ಲ, ದಿನಾ ಓಡಾಡುವವರ ಬೇಸರವಿದೆ. ಸಾಯಲು ಹೊರಟವರು ಸಂತೆಗೆ ಹೊರಟ ಹಾಗೆ ಕೂತಿದ್ದಾರೆ.

ಮುಂದಿನ ಮಾತನ್ನು ನಾನು ಯೋಚಿಸಿ ಆಡಲಿಲ್ಲ. ಆ ದಾರಿಯಲ್ಲಿ ಕೆನಾಲಿನ ಏರಿಯ ಮೇಲೆ ಒಂದು ತಿರುವಿದೆ. ಒಂದು ಪಕ್ಕ ಏರಿ ಕುಸಿದಿದೆ, ಕೆಳಗೆ ನೀರು. ಮಂದಿ ಹುಡುಕಲು ಹೋದಾಗ ನಾನೂ ಅದನ್ನು ದಾಟಿದ್ದೆ, ಕಣ್ಣು ಮುಚ್ಚಿಕೊಂಡು.

"ಏರಿ ಮ್ಯಾಲ ಬಂದೀವಿ," ಅಂದೆ. "ಕೆನಾಲ್ ತುಂಬಿ ಹರಿಯಾಕತ್ತೈತಿ. ತಿರುವು ಬಂತು." ಆಮೇಲೆ, ಮೈಕು ಬಾಯಿಯಿಂದ ಇಳಿಸಿ, ನನಗೇ ಹೇಳಿಕೊಳ್ಳುವ ಹಾಗೆ ಅಂದೆ: "ಬ್ರೇಕ್ ಹತ್ತವಲ್ದು."

ಯಾರೂ ಕಿರುಚಲಿಲ್ಲ. ಗೋದಾಮಿನ ಮೇಲೆಲ್ಲೋ ಪಾರಿವಾಳದ ರೆಕ್ಕೆಯ ಸದ್ದು ಕೇಳಿತು. ಹೆಡ್‌ಮಾಸ್ತರು ಕನ್ನಡಕ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡರು. ಕಥೆಯಲ್ಲಿ ಮಾತು ಬಿಟ್ಟಿದ್ದ ತಮ್ಮ, ಅಣ್ಣನ ತೋಳು ಹಿಡಿದ. ಅದು ಇನ್ನೂ ಎರಡು ದೃಶ್ಯದ ನಂತರ ಆಗಬೇಕಾದದ್ದು. ಅಮ್ಮನ ಕೈ ಹಣೆಗೆ ಹೋಗಲಿಲ್ಲ. ಅವರು ಕಿಟಕಿಯ ಕಡೆ ನೋಡುತ್ತ ಬರೀ ಉಸಿರು ಹಿಡಿದು ಕೂತರು. ಯಾರೋ ದಾರ ಎಳೆದರು, ಮುಖವಾಡಗಳು ಬಿದ್ದು ಎಲ್ಲರ ಮುಖದ ಮುಂದೆ ತೂಗಾಡಿದವು, ಒಬ್ಬರೂ ಅದರತ್ತ ನೋಡಲಿಲ್ಲ. ಸೀಟುಗಳ ಮೇಲಿಂದ ಕೈಗಳು ಚಾಚಿದವು, ಏನನ್ನೋ ಹಿಡಿದವು, ಕೊಟ್ಟವು. ನಾನು ಕೆನಾಲಿನ ನೀರನ್ನೇ ನೋಡುತ್ತಿದ್ದೆ.

ಕಟ್ ಎನ್ನುವುದನ್ನು ನಿರ್ದೇಶಕರು ಮರೆತಿದ್ದರು. ನೆನಪಾಗಿ ಹೇಳಿದ ಮೇಲೂ ಕೆಲ ಹೊತ್ತು ಯಾರೂ ಏಳಲಿಲ್ಲ. ಬೆಲ್ಟು ಬಿಚ್ಚಿ ಎಲ್ಲರೂ ಇಳಿದರು. ನಾನು ಒಬ್ಬೊಬ್ಬರ ಕೈಕಾಲು ನೋಡಿ ಲೆಕ್ಕ ಹಾಕಿದೆ. ಯಾರಿಗೂ ಒಂದು ತರಚೂ ಇಲ್ಲ. ಅಮ್ಮ ಮಂಡಿ ಒತ್ತಿಕೊಳ್ಳುತ್ತ ಇಳಿದು ನನ್ನ ಬೆನ್ನಿನ ಮೇಲೆ ಒಂದು ಪೆಟ್ಟು ಕೊಟ್ಟು ಚಹಾದ ಕಡೆ ಹೋದರು.

ನಿರ್ದೇಶಕರು ಮಾನಿಟರಿನಲ್ಲಿ ಶಾಟ್ ಓಡಿಸಿ ನೋಡಿದರು. ಇನ್ನೊಮ್ಮೆ ನೋಡಿದರು. ಕಣ್ಣು ಒರೆಸಿಕೊಂಡದ್ದು ತೌಡಿನ ಧೂಳಿಗೋ ಏನೋ. ಮೂರನೆಯ ಸಲ ಒಂದು ಕಡೆ ನಿಲ್ಲಿಸಿ ನನ್ನನ್ನು ಕರೆದರು. ಚೌಕಟ್ಟಿನ ಎಡ ಅಂಚಿನಲ್ಲಿ, ಯಾವ ಸೀಟೂ ಇಲ್ಲದ ಜಾಗದಿಂದ, ಒಂದು ತೋಳು ಒಳಗೆ ಚಾಚಿಕೊಂಡಿತ್ತು.

"ಈ ಕೈ ಯಾರ್ದ್ರಿ ಅಣ್ಣಾರ?"

ಬಗ್ಗಿ ನೋಡಿದೆ. ಎಲ್ಲ ಪ್ರಯಾಣಿಕರ ಎಲ್ಲ ತೋಳುಗಳೂ ನನಗೆ ಬಾಯಿಪಾಠ. ಇದು ಯಾರದೂ ಅಲ್ಲ. ನಿರ್ದೇಶಕರು ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಆಗ ನನ್ನ ಎಡ ಹೆಗಲು ಒದ್ದೆಯಾಗಿರುವುದು ಗೊತ್ತಾಯಿತು. ಅಂಗನವಾಡಿ ಶಿಕ್ಷಕಿಯ ಕೂಸು ನನ್ನ ಹೆಗಲ ಮೇಲೆ ಚಹಾ ಬಿಸ್ಕತ್ತಿನ ಜೊಲ್ಲು ಸುರಿಸುತ್ತ ನಿದ್ದೆ ಹೋಗಿತ್ತು.

ಶಾಟ್ ಅನ್ನು ಹಿಂದಕ್ಕೆ ಓಡಿಸಿದೆವು. ಬ್ರೇಕ್ ಹತ್ತುತ್ತಿಲ್ಲ ಎಂದ ಕೂಡಲೇ ಕಿಟಕಿಯ ಬಳಿಯಿಂದ ಕೂಸು ಎದ್ದು, ಪಕ್ಕದವರ ಕೈಗೆ, ಅವರಿಂದ ಓಣಿಯಾಚೆ ಹೆಡ್‌ಮಾಸ್ತರ ಕೈಗೆ, ಅಲ್ಲಿಂದ ಮುಂದಿನ ಸಾಲಿಗೆ, ಕಡೆಗೆ ಆ ತೋಳಿಗೆ ಬರುತ್ತದೆ. ಕೊಡುವವರು ಯಾರೂ ಮುಖ ನೋಡುವುದಿಲ್ಲ. ತೆಗೆದುಕೊಳ್ಳುವವರೂ ಅಷ್ಟೆ. ತಾಯಿ ಕೂಸನ್ನು ಎದೆಗೆ ಅಪ್ಪಿಕೊಂಡೇ ಬೀಳಬೇಕೆಂದು ಕಥೆಯಲ್ಲಿತ್ತು. ಅವರನ್ನು ಕರೆದು, ಯಾಕೆ ಕೊಟ್ಟಿರಿ ಎಂದು ನಿರ್ದೇಶಕರು ಕೇಳಿದರು. ತಪ್ಪಾಯಿತೇನೋ ಎಂದು ಅವರಿಗೆ ಗಾಬರಿ.

"ಆ ತಿರುವಿನ್ಯಾಗ ಸಣ್ಣ ಕೂಸಿದ್ರ ಬಾಗಲಾ ಹತ್ರ ಇದ್ದೋರ ಕೈಯಾಗ ಕೊಡ್ತೀವ್ರಿ ಸರ. ಹೆಚ್ಚು ಕಡಿಮಿ ಆದ್ರ ಅವ್ರು ಜಿಗೀತಾರ." ನನ್ನ ಕಡೆ ಕೈ ತೋರಿಸಿದರು. "ಬಾಗಲದಾಗ ಇವ್ರ ಇದ್ರು."

ಇನ್ನೊಮ್ಮೆ ತೆಗೆಯೋಣವೇ ಎಂದು ನಾನು ಕೇಳಿದೆ. ಬಾಗಿಲ ಬಿಸಿಲು ಇನ್ನೂ ಸ್ವಲ್ಪ ಉಳಿದಿತ್ತು. ನಿರ್ದೇಶಕರು ಬೇಡ ಎಂದು ತಲೆಯಾಡಿಸಿ, ನೆಲ್ಲಿನ ಲಾರಿಯವರಿಗೆ ಒಳಗೆ ಬರಲು ಹೇಳಿ ಕಳಿಸಿದರು.

ಇಷ್ಟೇ ಆದದ್ದು. ವಿಮಾನ ಬೀಳುವ ಹೊತ್ತಿನಲ್ಲಿ ಚಿತ್ರದ ಎಡ ಅಂಚಿನಿಂದ ಒಂದು ತೋಳು ಬಂದು ಕೂಸನ್ನು ಒಯ್ಯುತ್ತದೆ. ಟಿಕೆಟ್ ಇಲ್ಲದ, ಸೀಟ್ ಇಲ್ಲದ, ಕಥೆಯೇ ಇಲ್ಲದ ಆ ಪ್ರಯಾಣಿಕ ತೊಟ್ಟಿರುವುದು ನೀಲಿ ಗೀಟಿನ ಅಂಗಿ. ಅದರ ತೋಳಿನ ಗುಂಡಿ ಹಾಕಿಲ್ಲ.